ಹಾರಿದ ಮುಚ್ಚಳ

ಬಣ್ಣದ ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸಗಾರನ ಹೆಣ ಬೋರಲಾಗಿ ಬಿದ್ದಿತ್ತು. ಪಕ್ಕದಲ್ಲಿ ಬಾಯಿ ತೆರೆದ ಡ್ರಮ್. ಗಾಳಿಯಲ್ಲಿ ಇನ್ನೂ ಆಸಿಡ್ ಘಾಟು. ಇನ್‌ಸ್ಪೆಕ್ಟರ್ ಮುಖವಾಡ ಬಿಗಿದುಕೊಂಡು ಒಳಗೆ ಬಂದಳು.

"ಅಲ್ಯೂಮಿನಿಯಂ ಕ್ಲೋರೈಡ್ ಮೇಡಂ," ಮ್ಯಾನೇಜರ್ ಬಾಗಿಲಾಚೆಯಿಂದಲೇ ಹೇಳಿದ. ಕೈಗಳೆರಡೂ ಜೇಬಿನಲ್ಲಿ. "ಬಣ್ಣ ಮಾಡೋಕೆ ಬೇಕೇ ಬೇಕು. ಆದ್ರೆ ನೀರು ತಾಗಿದ್ರೆ ಕೆರಳೋ ಉಪ್ಪು. ಡ್ರಮ್ ಮೇಲೇ ಬರ್ದಿದೆ. ಕುಡಿದ ಅಮಲಲ್ಲಿ ಮುಚ್ಚಳ ತೆಗೆದು ನೀರು ಸುರಿದಿದಾನೆ."

ಹೊರಗೆ ಸತ್ತವನ ಹೆಂಡತಿ ಗೋಡೆಗೊರಗಿ ಕೂತಿದ್ದಳು.

"ಕುಡಿಯೋದಾ? ಕಾಫಿಗೇ ಎದೆಯುರಿ ಅಂತಿದ್ದೋರು! ಅಕ್ಕಾ, ಜೀವ ಹೋಗಿದ್ದು ಸಾಲ್ದು ಅಂತ ಹೆಸ್ರಿಗೂ ಮಸಿ ಬಳೀತಿದಾರೆ. ಮಗಳಿಗೆ ಏನಂತ ಹೇಳ್ಲಿ?"

ಇನ್‌ಸ್ಪೆಕ್ಟರಿಗೆ ಮೈ ಉರಿಯಿತು. ತೋರಿಸಿಕೊಳ್ಳಲಿಲ್ಲ.

*

ಮೊದಲ ಅನುಮಾನ ಫಿಟ್ಟರ್ ಮೇಲೆ. ಹಿಂದಿನ ದಿನ ಅವನೂ ಸತ್ತವನೂ ಕೈಕೈ ಮಿಲಾಯಿಸಿದ್ದರು.

"ಕೇರಂ ಆಟದ ಜಗಳ ಮೇಡಂ. ಅದಕ್ಕೆಲ್ಲ ಕೊಲೆ ಅಂದ್ರೆ ಈ ಕಾರ್ಖಾನೇಲಿ ಒಬ್ಬರೂ ಉಳಿಯಲ್ಲ. ಬೆಳಿಗ್ಗೆಯಿಂದ ಬಾಯ್ಲರ್ ಬಿಟ್ಟು ಅಲ್ಲಾಡಿಲ್ಲ, ಯಾರನ್ನಾದ್ರೂ ಕೇಳಿ." ಅವನ ದನಿ ಇಳಿಯಿತು. "ಡ್ರಮ್ ಮುಚ್ಚಳದ ರಬ್ಬರ್ ರಿಂಗ್ ಸವೆದಿದೆ, ಹೊಸದು ತರ್ಸಿ ಅಂತ ಪಾಪ ಅವನು ಬಡ್ಕೋತಾನೇ ಇದ್ದ. ಘಾಟು ಆಫೀಸಿನವರೆಗೂ ಹೋಗ್ತಿತ್ತು. ನಿನ್ನೆ ಗಿರಾಕಿಗಳು ಬಂದಾಗ ಮಾತ್ರ ನಿಂತುಬಿಟ್ಟಿತ್ತು, ನೋಡಿ."

ಇನ್‌ಸ್ಪೆಕ್ಟರ್ ಮತ್ತೆ ಉಗ್ರಾಣಕ್ಕೆ ಹೋಗಿ ತಲೆಯೆತ್ತಿದಳು. ಸೂರಿನ ತಗಡು ನೆಗ್ಗಿತ್ತು. ಮುಚ್ಚಳ ಮೂಲೆಯಲ್ಲಿತ್ತು. ಅದರ ಅಂಚಿಗೆ ಸುಟ್ಟ ಬಟ್ಟೆಯ ಚೂರು ಅಂಟಿತ್ತು. ನೀಲಿ ಹೂವಿನ ಬಟ್ಟೆ.

*

ಮ್ಯಾನೇಜರನ ಕೋಣೆಗೆ ಎರಡು ಕಿಟಕಿ. ಒಂದಕ್ಕೆ ನೀಲಿ ಹೂವಿನ ಪರದೆ. ಇನ್ನೊಂದು ಬೋಳು.

"ಆ ಪರದೆ ಎಲ್ಲಿ?"

"ಒಗೆಯೋಕೆ ಹಾಕಿದೆ."

"ಡ್ರಮ್ಮಿನ ಮುಚ್ಚಳದಡೀಲಾ? ಜೇಬಿಂದ ಕೈ ತೆಗೀರಿ."

ಬೆರಳ ತುದಿಗಳು ಸುಟ್ಟು ಕೆಂಪಾಗಿದ್ದವು.

"ತೆರೆದ ಡ್ರಮ್ಮಿಗೆ ನೀರು ಸುರಿದಿದ್ರೆ ಮುಚ್ಚಳ ಸೂರಿಗೆ ಬಡೀತಿರಲಿಲ್ಲ. ಗಿರಾಕಿಗಳ ಮೂಗಿಗೆ ಘಾಟು ತಾಗಬಾರ್ದು ಅಂತ ನೀವು ಪರದೆ ಹರಿದು, ಒದ್ದೆ ಮಾಡಿ, ರಿಂಗಿನ ಜಾಗಕ್ಕೆ ತುರುಕಿ, ಮುಚ್ಚಳದ ಸುತ್ತಿನ ಕಬ್ಬಿಣದ ಪಟ್ಟಿ ಬಿಗಿದ್ರಿ. ಬಟ್ಟೆ ಘಾಟನ್ನ ಹೀರ್ಕೊಳ್ತು, ಸರಿ. ಅದರ ನೀರು ಉಪ್ಪಿಗಿಳೀತು. ರಾತ್ರಿಯೆಲ್ಲ ಒಳಗೆ ಅನಿಲ ತುಂಬ್ತು. ಅವನು ಪಟ್ಟಿ ಸಡಿಲಿಸಿದ ಕೂಡ್ಲೇ ಮುಚ್ಚಳ ಹಾರಿ, ಅನಿಲ ಅವನ ಮುಖಕ್ಕೇ ನುಗ್ತು."

"ಒಂದು ಮಧ್ಯಾಹ್ನದ ಮಟ್ಟಿಗೆ ಅಂತ... ಆಮೇಲೆ ತೆಗೆಯೋದು ಮರೆತೆ."

"ಮರೆತ್ರಿ. ಕುಡುಕ ಅಂತ ಕಥೆ ಕಟ್ಟೋದು ಮಾತ್ರ ಮರೀಲಿಲ್ಲ! ನಡೀರಿ ಹೊರಗೆ. ಆ ಹೆಣ್ಣುಮಗಳ ಮುಂದೆ ಹೇಳಿ."

ಅಂಗಳದಲ್ಲಿ ಕೆಲಸಗಾರರೆಲ್ಲ ಸೇರಿದ್ದರು. ಮ್ಯಾನೇಜರ್ ನೆಲ ನೋಡುತ್ತಾ ಗೊಣಗಿದ: "ಅವನು ನೀರು ಸುರೀಲಿಲ್ಲ. ಕುಡಿದೂ ಇರ್ಲಿಲ್ಲ."

ಸತ್ತವನ ಹೆಂಡತಿ ಎದ್ದು ನಿಂತಳು.

"ಜೋರಾಗಿ ಹೇಳಿ ಸಾರ್. ಹಿಂದಿನೋರಿಗೆ ಕೇಳಿಸ್ತಿಲ್ಲ."