ಮುಟ್ಟದೆ ಓಡಿದ ಬಾಣ

ಅತ್ತೆಯ ತುಟಿ ನೀಲಿಯಾಗಿತ್ತು.

ಇನ್‌ಸ್ಪೆಕ್ಟರಮ್ಮನ ಕೈಯಲ್ಲಿದ್ದ ಕಿತ್ತಳೆ ಹಣ್ಣಿನ ಚೀಲ ಜಾರಿತು. ಹಣ್ಣುಗಳು ಮಂಚದಡಿಗೆ ಉರುಳಿದವು. ಮಂಚದ ಪಕ್ಕದ ಸಿರಿಂಜ್ ಪಂಪು ಗುಂಯ್‌ಗುಡುತ್ತ ನೋವಿನ ಔಷಧಿಯನ್ನು ಅತ್ತೆಯ ರಕ್ತಕ್ಕೆ ತಳ್ಳುತ್ತಿತ್ತು. ಬೆಳಿಗ್ಗೆ ಅವಳು ಬಂದಾಗ ಅತ್ತೆಗೆ ನಿದ್ದೆ. ಆಗ ಪಂಪಿನ ಮೇಲೆ ಡೋಸಿನ ಅಂಕಿ ಎರಡು ಎಂದಿತ್ತು. ಈಗ ಇಪ್ಪತ್ತು ಎಂದಿತ್ತು.

"ಸಿಸ್ಟರ್!"

ನರ್ಸು ಓಡಿ ಬಂದು ಪಂಪು ನಿಲ್ಲಿಸಿದಳು. ಆಮೇಲೆ ಆಕ್ಸಿಜನ್, ಇಂಜೆಕ್ಷನ್, ಓಡಾಟ. ಕೊನೆಗೂ ಅತ್ತೆಯ ಎದೆ ಮೆಲ್ಲಗೆ ಏರಿತು, ಇಳಿಯಿತು. ಕಣ್ಣು ಮಾತ್ರ ಬಿಡಲಿಲ್ಲ.

ತಾಯಿಯಿಲ್ಲದ ಅವಳನ್ನು ಕೂಸಿನಿಂದ ಸಾಕಿ ಸಲಹಿದವಳು ಈ ಸೋದರತ್ತೆ. ಎಂಥೆಂಥ ಕಳ್ಳರ ಮುಂದೆ ಎದೆಯುಬ್ಬಿಸಿ ನಿಂತ ಇನ್‌ಸ್ಪೆಕ್ಟರಮ್ಮ ಈಗ ಮಂಚದಂಚಿಗೆ ಕೂತು ಅತ್ತೆಯ ಉಸಿರು ಎಣಿಸತೊಡಗಿದಳು. ನಿನ್ನೆ ಅತ್ತೆ ಫೋನಿನಲ್ಲಿ ಪಿಸುಗುಟ್ಟಿದ್ದು ಕಿವಿಯಲ್ಲೇ ಇತ್ತು. "ಪುಟ್ಟೀ, ಬೇಗ ಬಾ. ಒಂದು ವಿಷಯ ಇದೆ. ಇಲ್ಲಿ ಎಲ್ಲರ ಎದುರು ಹೇಳೋಕಾಗಲ್ಲ."

* * *

"ನಾನು ಎರಡು ಅಂತಲೇ ಹೊಡೆದದ್ದು ಮೇಡಂ, ದೇವರಾಣೆ!" ನರ್ಸಿನ ಗಲ್ಲ ಒದ್ದೆಯಾಗಿತ್ತು.

"ಮತ್ತೆ ಸೊನ್ನೆ ಎಲ್ಲಿಂದ ಬಂತು?"

"ಈ ಅಪ್‌ಗ್ರೇಡ್ ಆದಾಗಿನಿಂದ ಮೌಸಿನ ಬಾಣ ತಾನಾಗೇ ಓಡುತ್ತೆ. ಮುಟ್ಟದೆ ಅಕ್ಷರ ಬೀಳುತ್ತೆ. ಹೇಳಿದ್ರೆ ಎಲ್ಲರೂ ನಗ್ತಾರೆ."

ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ ಪಂಪಿನ ಗುಂಡಿಯನ್ನು ಯಾರೂ ತಿರುಗಿಸಬೇಕಾಗಿರಲಿಲ್ಲ. ನರ್ಸಿನ ಮೇಜಿನ ಕಂಪ್ಯೂಟರಿನಲ್ಲಿ ಅಂಕಿ ಹೊಡೆದರೆ ತಂತಿಯ ಮೂಲಕ ನೇರ ಪಂಪಿಗೆ ಹೋಗುತ್ತಿತ್ತು. ಸುಲಭವೇನೋ ಆಯಿತು. ಕೊಲ್ಲುವವರಿಗೂ ಸುಲಭವಾಯಿತು.

ನರ್ಸಿನ ಕುರ್ಚಿಯ ಬೆನ್ನಿಗೇ ಗಾಜಿನ ಗೋಡೆ, ಅದರಾಚೆ ಅತ್ತೆಗೆ ಆಪರೇಷನ್ ಮಾಡಿದ ಮೂಳೆ ಡಾಕ್ಟರ ಕೋಣೆ. ಅವರು ಇನ್‌ಸ್ಪೆಕ್ಟರಮ್ಮನನ್ನು ಒಳಗೆ ಕರೆದು ಕೂರಿಸಿದರು. ಕೀಬೋರ್ಡಿನ ಎಡಕ್ಕೆ ಮೌಸು, ಬಲಕ್ಕೆ ಕಾಫಿ ಲೋಟ. ಬಲಗೈಯಲ್ಲೇ ಯಾವುದೋ ಚೀಟಿಗೆ ಸಹಿ ಹಾಕುತ್ತ ಅವರು ನಿಟ್ಟುಸಿರಿಟ್ಟರು.

"ಚಿಕ್ಕ ವಯಸ್ಸು, ಪಾಪ. ಸೊನ್ನೆ ಜಾಸ್ತಿ ಒತ್ತಿದ್ದಾಳೆ, ಈಗ ಮಿಷಿನ್ ಮೇಲೆ ಹಾಕ್ತಾಳೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

"ಡಾಕ್ಟ್ರೇ, ಅತ್ತೆ ಬಂದಿದ್ದು ಬಲಮಂಡಿ ನೋವಿಗೆ. ಎರಡಕ್ಕೂ ಬ್ಯಾಂಡೇಜು ಯಾಕೆ?"

"ಎಡದ್ದೂ ಸವೆದಿತ್ತಮ್ಮ. ಒಟ್ಟಿಗೇ ಮುಗಿಸಿಬಿಟ್ಟೆ. ನೋವು ಜಾಸ್ತಿ ಇರುತ್ತೆ, ಪಂಪು ಮತ್ತೆ ಹಾಕಿಸ್ತೀನಿ. ಕಡಿಮೆ ಡೋಸು, ಭಯ ಬೇಡ."

ಭಯ ಬೇಡ ಎಂದ ಕೂಡಲೇ ಅವಳಿಗೆ ಇನ್ನಷ್ಟು ಭಯವಾಯಿತು.

* * *

ಅಪ್‌ಗ್ರೇಡ್ ಮಾಡಿದ ಕಂಪ್ಯೂಟರಿನವನು ಬಂದ. ಅವನ ಮೇಲೂ ಅವಳಿಗೆ ಅನುಮಾನವೇ. ಅವನು ತನ್ನ ಅಂಗಡಿಯಲ್ಲೇ ಕೂತು ಈ ಯಂತ್ರವನ್ನು ಆಡಿಸಬಲ್ಲವನು.

"ಹಳೇ ವೈರ್‌ಲೆಸ್ ಮೌಸು, ಕೀಬೋರ್ಡು ತೆಗೆದು ಕಪಾಟಿಗೆ ಹಾಕಿ, ತಂತಿಯಿರೋದು ಕೊಟ್ಟಿದ್ದೀನಿ ಮೇಡಂ. ಇನ್ನೇನು ಮಾಡ್ಲಿ?"

"ಹೊರಗಿನ ನೆಟ್‌ವರ್ಕ್ ತಂತಿ ಕೀಳು."

ಕಿತ್ತ. ನರ್ಸು ಎರಡೂ ಕೈ ಕಟ್ಟಿಕೊಂಡು ದೂರ ನಿಂತಳು. ಮೂವರೂ ಪರದೆಯನ್ನೇ ನೋಡತೊಡಗಿದರು. ವಾರ್ಡಿನಲ್ಲಿ ಯಾರೋ ಕೆಮ್ಮಿದರು. ಡಾಕ್ಟರು ಮತ್ತೆ ಹಾಕಿಸಿದ್ದ ಪಂಪು ಕಡಿಮೆ ಡೋಸಿನಲ್ಲಿ ಮೆಲ್ಲಗೆ ಓಡುತ್ತಿತ್ತು.

ಪರದೆಯ ಮೇಲಿನ ಬಾಣ ಅಲುಗಿತು.

ಮೇಜಿನ ಮೇಲಿನ ಮೌಸು ಇದ್ದಲ್ಲೇ ಇತ್ತು. ಬಾಣ ಹಾವಿನಂತೆ ಸರಿದು ಅತ್ತೆಯ ಮಂಚದ ಚೌಕಕ್ಕೆ ಹೋಯಿತು. ಅಲ್ಲೊಂದು ಸಣ್ಣ ಪಟ್ಟಿ ತೆರೆದುಕೊಂಡಿತು, ಮುಚ್ಚಿತು. ಮತ್ತೆ ಅದೇ ಪಟ್ಟಿ ತೆರೆಯಿತು, ಮುಚ್ಚಿತು. ಆಮೇಲೆ ಅಂಕಿಯ ಪಕ್ಕ ಒಂದು ಸೊನ್ನೆ ಬಂದು ಕೂತಿತು.

ಪಂಪು ಗುಂಯ್ ಎಂದಿತು. ಇನ್‌ಸ್ಪೆಕ್ಟರಮ್ಮ ಹಾರಿ ಹೋಗಿ ಔಷಧಿಯ ನಳಿಗೆಯನ್ನು ಬೆರಳಲ್ಲಿ ಮಡಚಿ ಹಿಡಿದಳು. ನರ್ಸು ಪಂಪು ನಿಲ್ಲಿಸಿದ ಮೇಲೂ ಆ ಬೆರಳು ಸಡಿಲವಾಗಲಿಲ್ಲ.

"ಯಾರೋ ಸತ್ತೋರ ಕೈ ಇರಬೇಕು," ಎಂದಳು ನರ್ಸು.

"ಸತ್ತೋರಿಗೆ ಇಷ್ಟು ಕೆಲಸ ಇರಲ್ಲ. ಹೊರಗಿನ ತಂತಿ ಕಿತ್ತಿದೆ. ಅಂದ್ರೆ ಈ ಕೈ ದೂರದ್ದಲ್ಲ, ಇಲ್ಲೇ ಇದೆ. ಆ ಕಂಪ್ಯೂಟರ್ ಡಬ್ಬಿ ಹಿಂದೆ ಏನಿದೆ ನೋಡು."

ಕಂಪ್ಯೂಟರಿನವನು ಬಗ್ಗಿ ನೋಡಿ ತಲೆ ಚಚ್ಚಿಕೊಂಡ. ಗೋಡೆಯ ಕಡೆಗೆ, ಮೌಸಿನ ಸಂಕೇತ ಹಿಡಿಯುವ ಉಗುರಿನಷ್ಟು ಚಿಕ್ಕ ರಿಸೀವರ್ ಇನ್ನೂ ಸಿಕ್ಕಿಕೊಂಡಿತ್ತು. "ಹಳೇ ವೈರ್‌ಲೆಸ್ಸಿಂದು. ತೆಗೆಯೋದು ಮರೆತೇಬಿಟ್ಟೆ!"

ಕಪಾಟಿಗೆ ಬೀಗವಿರಲಿಲ್ಲ. ಹಳೆಯ ಮೌಸು, ಕೀಬೋರ್ಡು ಅಲ್ಲಿರಲಿಲ್ಲ.

"ಆ ಸಣ್ಣ ಪಟ್ಟಿ ಯಾಕೆ ತೆರೀತು?"

"ಬಲಗಡೆ ಗುಂಡಿ ಒತ್ತಿದ್ರೆ ಹಾಗಾಗುತ್ತೆ ಮೇಡಂ. ಎಡಗೈಯವರು ಗುಂಡಿ ಅದಲುಬದಲು ಮಾಡಿಸ್ಕೊಂಡಿರ್ತಾರೆ. ನರ್ಸಿನ ಈ ಕಂಪ್ಯೂಟರಿನಲ್ಲಿ ಆ ಸೆಟ್ಟಿಂಗಿಲ್ಲ. ಅವರ ಬೆರಳು ಮಾತ್ರ ಅಭ್ಯಾಸದ ಬಲಗಡೆ ಗುಂಡೀನೇ ಒತ್ತುತ್ತೆ."

ರಿಸೀವರ್ ಹಾಗೇ ಇರಲಿ ಎಂದು ಇನ್‌ಸ್ಪೆಕ್ಟರಮ್ಮ ಕಣ್ಸನ್ನೆ ಮಾಡಿದಳು. ಅವಳು ಬೇಕೆಂದೇ ಗಾಜಿನ ಗೋಡೆಯತ್ತ ತಿರುಗಲಿಲ್ಲ.

* * *

ಅತ್ತೆಯ ಕೈಯಿಂದ ನಳಿಗೆ ಬಿಚ್ಚಿ, ಹೊದಿಕೆಯ ಕೆಳಗೆ ಒಂದು ಬಟ್ಟಲಿಗೆ ಬಿಟ್ಟರು. ಪಂಪು ಮತ್ತೆ ಶುರುವಾಯಿತು. ಡಾಕ್ಟರ ಕೋಣೆಯ ಬಾಗಿಲ ಬಳಿ ಇನ್‌ಸ್ಪೆಕ್ಟರಮ್ಮ ಫೋನು ಹಿಡಿದು ಜೋರಾಗಿ ಹೇಳಿದಳು, "ಹೂಂ, ಅತ್ತೆಗೆ ಎಚ್ಚರ ಆಗ್ತಾ ಇದೆ. ಏನೋ ಹೇಳಬೇಕಂತೆ. ಇನ್ನು ಸ್ವಲ್ಪ ಹೊತ್ತಿಗೆ ಹೇಳಿಕೆ ತಗೋತೀನಿ."

ಫೋನಿನ ಆಚೆ ಯಾರೂ ಇರಲಿಲ್ಲ.

ಅವಳು ಬಾಗಿಲ ಮರೆಗೆ ನಿಂತಳು. ನರ್ಸು ಟ್ರೇ ಹಿಡಿದು ಅತ್ತೆಯ ಪಕ್ಕದ ಮಂಚ ಸರಿಪಡಿಸುತ್ತಿದ್ದಳು. ಬಟ್ಟಲಿನ ವಿಷಯ ಗೊತ್ತಿದ್ದರೂ ಇನ್‌ಸ್ಪೆಕ್ಟರಮ್ಮ ಮತ್ತೆ ಮತ್ತೆ ಅತ್ತೆಯ ಮಂಚದತ್ತ ಇಣುಕಿದಳು.

ಪಂಪು ಗುಂಯ್ ಎಂದಿತು. ಹೇಳಿಕೊಟ್ಟ ಹಾಗೆ ನರ್ಸು ಟ್ರೇ ಬೀಳಿಸಿದಳು.

ಇನ್‌ಸ್ಪೆಕ್ಟರಮ್ಮ ಬಾಗಿಲು ತಳ್ಳಿದಳು. ಡಾಕ್ಟರು ಗಾಜಿನತ್ತ ಮುಖ ಮಾಡಿ ಕೂತಿದ್ದರು. ತೊಡೆಯ ಮೇಲೆ ಬಿಳಿ ಕೋಟು, ಅದರಡಿ ಕೀಬೋರ್ಡು. ಎಳೆದ ಡ್ರಾಯರಿನೊಳಗೆ ಹಳೆಯ ಮೌಸು, ಅದರ ಮೇಲೆ ಎಡಗೈ.

"ಕೈ ಅಲ್ಲೇ ಇರಲಿ ಡಾಕ್ಟ್ರೇ."

"ಇದು... ನಾನು ಸುಮ್ಮನೆ ಪರೀಕ್ಷೆ ಮಾಡ್ತಿದ್ದೆ."

"ಈ ಮಾತಿಗೆ ಮುಂಚೆ ನಾನು ಏನಾದ್ರೂ ಕೇಳಿದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ." ಅವಳು ಡ್ರಾಯರಿನತ್ತ ಬೆರಳು ಮಾಡಿದಳು. "ಔಷಧಿ ಚೀಟೀಲೇ ಡೋಸು ಜಾಸ್ತಿ ಬರೆದಿದ್ರೆ ನಿಮ್ಮ ಸಹಿ ಇರ್ತಿತ್ತು. ಮೌಸಿನಿಂದ ಆದ್ರೆ ತಪ್ಪು ಆ ಹುಡುಗೀದು, ಇಲ್ಲ ಅಪ್‌ಗ್ರೇಡಿಂದು. ಗಾಜಿನಾಚೆ ಪರದೆ ಕಾಣೋದು ನಿಮಗೊಬ್ಬರಿಗೆ. ಬರೆಯೋದು ಬಲಗೈ, ಮೌಸು ಎಡಗೈ. ಗಾಬರೀಲಿ ಎರಡು ಸಲ ತಪ್ಪು ಗುಂಡಿ ಒತ್ತಿದ್ರಿ."

ಡಾಕ್ಟರು ತಲೆ ತಗ್ಗಿಸಿದರು. "ಚಿಕ್ಕಂದಿನಲ್ಲಿ ಎಡಗೈಯಲ್ಲಿ ಬರೆದ್ರೆ ಹೊಡೀತಿದ್ರು. ಇವತ್ತಿಗೂ ಅವಸರದಲ್ಲಿ ಎಡ ಬಲ ಗೊಂದಲ ಆಗುತ್ತೆ."

"ಅವಸರದಲ್ಲಿ ಮಂಡಿಯೂ ತಪ್ಪಿತಾ?"

ಅವರು ಹೌದೆಂದು ತಲೆಯಾಡಿಸಿದರು. ಸವೆಯದ ಎಡಮಂಡಿಯನ್ನು ಮೊದಲು ಕೊಯ್ದು, ತಪ್ಪು ತಿಳಿದ ಮೇಲೆ ಬಲದ್ದನ್ನು ಕೊಯ್ದು, ಎರಡೂ ಸವೆದಿದ್ದವು ಎಂದು ಕಥೆ ಕಟ್ಟಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

* * *

ಸಂಜೆ ಅತ್ತೆ ಕಣ್ಣು ಬಿಟ್ಟಳು. ಇನ್‌ಸ್ಪೆಕ್ಟರಮ್ಮ ಆ ಕೈ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ಯೂನಿಫಾರ್ಮ್ ಹಾಕಿದ್ದೇನೆಂಬ ನಾಚಿಕೆಯೂ ಆಗಲಿಲ್ಲ.

"ಅಳಬೇಡ್ವೇ ಪುಟ್ಟೀ. ನಿನಗೆ ಹೇಳಬೇಕು ಅಂತಿದ್ನಲ್ಲ, ಆ ವಿಷಯ..."

"ಆಮೇಲೆ ಹೇಳುವಿರಂತೆ ಅತ್ತೆ."

"ಇಲ್ಲ, ಈಗಲೇ. ಆಪರೇಷನ್ನಿನಲ್ಲಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ರು, ನಂಗೆ ಎಚ್ಚರ ಇತ್ತು. ಡಾಕ್ಟರು ಚಾಕು ಎತ್ತಿದಾಗ ಹೇಳಿದೆ, ಅಪ್ಪಾ, ಅದು ನೋವಿರೋ ಕಾಲಲ್ಲ ಅಂತ. ಎರಡು ಸಲ ಹೇಳಿದೆ. ಪಾಪ, ಅವರಿಗೆ ಕೇಳಿಸ್ಲಿಲ್ಲ ಅನ್ಸುತ್ತೆ."

ಇನ್‌ಸ್ಪೆಕ್ಟರಮ್ಮ ಅತ್ತೆಯ ಹೊದಿಕೆ ಸರಿಮಾಡಿದಳು.

"ಕೇಳಿಸಿತ್ತು ಅತ್ತೆ. ಅದಕ್ಕೇ ಇಷ್ಟೆಲ್ಲ ಆಯ್ತು."