ಮರಿಯ ಕಪ್ಪು ಕಾಲು

ಸೆಕೆ ತಗ್ಗುತ್ತಿದ್ದ ದಿನಗಳು. ಕುದುರೆಮರಿಗಳು ಹುಟ್ಟುಗೂದಲು ಉದುರಿಸುವ ಕಾಲ. ಬೆಳಗಿನಿಂದ ಲಾಯದಲ್ಲಿ ಬ್ರಷ್ ಆಡಿಸುತ್ತಿದ್ದವಳ ಕೈ ಮರಿಯ ಮೊಣಕಾಲಿನ ಕೆಳಗೆ ನಿಂತಿತು. ಉದುರಿದ ಕೆಂಪು ಕೂದಲಿನಡಿ ಕಪ್ಪು. ನಾಲ್ಕೂ ಕಾಲಿಗೆ.

ತಾಯಿ ಕುದುರೆ ಅವಳಿಗೆ ಬುದ್ಧಿ ಬರುವ ಮೊದಲೇ ನರೆತು ಬೆಳ್ಳಗಾಗಿತ್ತು. ಆದರೆ ಹುಟ್ಟಿದ್ದು ಕೆಂಪು ಎಂದು ತೀರಿಹೋದ ಅಪ್ಪ ಪುಸ್ತಕದಲ್ಲಿ ಬರೆದಿಟ್ಟಿದ್ದ. ಮರಿಗೆ ತಂದೆ ಎನಿಸಿಕೊಂಡ ಗಂಡು ಕುದುರೆಯೂ ಕೆಂಪು. ಕೆಂಪಿಗೆ ಕೆಂಪು ಕೂಡಿದರೆ ಕಪ್ಪು ಕಾಲಿನ ಮರಿ ಹುಟ್ಟುವ ಹಾಗೇ ಇಲ್ಲ. ಕಳೆದ ವರ್ಷ ಮೂರು ದಿನ ತಾಯಿಯನ್ನು ಕೂಡಿಸಲೆಂದು ಆ ಗಂಡಿನ ಒಡೆಯನ ಲಾಯದಲ್ಲಿ ನಂಬಿ ಬಿಟ್ಟು ಬಂದಿದ್ದಳು. ಅಲ್ಲಿ ಕಪ್ಪು ಕಾಲಿನ ಕಂದು ಗಂಡೂ ಒಂದಿತ್ತು.

ಮೋಸಗಾರನನ್ನು ಮುಂದಿನ ತಿಂಗಳು ಮದುವೆಯಾಗುವುದೆ?

ಮಧ್ಯಾಹ್ನ ಗೊರಸು ಹೆರೆಯಲು ಅವನೇ ಬಂದ. "ಏನು, ಮುಖ ಹರಳೆಣ್ಣೆ ಕುಡಿದ ಹಾಗಿದೆ?"

"ಕಾಲು ನೋಡು."

"ನಿಂದಾ, ಮರಿದಾ?"

ಅವಳು ನಗಲಿಲ್ಲ. ಅವನು ಬಗ್ಗಿ ನೋಡಿದ, ಬೆರಗಾಗಲಿಲ್ಲ. ಅದೇ ಅವಳಿಗೆ ಚುಚ್ಚಿತು.

"ನಿಂಗೆ ಗೊತ್ತಿತ್ತು. ಯಾವ ಗಂಡು ಬಿಟ್ಟೆ, ಹೇಳಿಬಿಡು."

ಅವನು ಜೇಬಿನಿಂದ ಮಡಿಸಿ ಮಡಿಸಿ ಮೆತ್ತಗಾದ ಕಾಗದ ತೆಗೆದುಕೊಟ್ಟ. ತಾಯಿ, ಮರಿ, ಕೆಂಪು ಗಂಡು, ಮೂರೂ ಕುದುರೆಗಳ ಜೂಲಿನ ಕೂದಲು ಪರೀಕ್ಷಿಸಿದ ಲ್ಯಾಬಿನ ವರದಿ. ಮರಿಯ ತಂದೆ ಅವನ ಕೆಂಪು ಕುದುರೆಯೇ. ತಾಯಿಯೇ ಕೆಂಪಲ್ಲ, ಅದರ ನರೆಯ ಅಡಿಯಲ್ಲಿ ಕಪ್ಪು ಕಾಲಿನ ಕಂದು ಅಡಗಿತ್ತು.

"ಹಾಗಾದ್ರೆ ಅಪ್ಪ ಬರೆದದ್ದು ಸುಳ್ಳಾ?"

"ಸುಳ್ಳಲ್ಲ, ಅವಸರ. ಹುಟ್ಟಿದ ದಿನವೇ ಬರೆದುಬಿಟ್ರು. ಈ ಮರಿನೂ ಹುಟ್ಟಿದ ದಿನ ಕೆಂಪಾಗೇ ಇರಲಿಲ್ವಾ? ಆಮೇಲೆ ಕಪ್ಪು ಬಂದಾಗ ಪುಸ್ತಕ ಯಾರು ತಿದ್ದುತಾರೆ?"

ಅವಳ ಭುಜ ಇಳಿಯಿತು. ಕಣ್ಣು ಮಾತ್ರ ತಾರೀಕಿನ ಮೇಲೆ ನಿಂತಿತು. "ಇದು ಬಂದು ಹನ್ನೊಂದು ದಿನ ಆಯ್ತು."

ಅವನು ಚೀಲದಲ್ಲಿ ಗೊರಸಿನ ಚಾಕು ಹುಡುಕತೊಡಗಿದ.

"ಕೂದಲು ಯಾವಾಗ ಕಿತ್ತೆ?"

"ಹಿಂದಿನ ಸಲ ಬಂದಾಗ, ಆರು ವಾರದ ಹಿಂದೆ. ಮರಿ ಕಾಲಿನ ಕೂದಲು ಚೂರು ಕತ್ತರಿಸಿ ನೋಡಿದೆ, ಅಡಿಯಲ್ಲಿ ಕಪ್ಪು ಕಾಣ್ತು. ನಿನ್ನ ಬೇಲಿ ಮುರಿದಿತ್ತಲ್ಲ, ಪಕ್ಕದ ಹೊಲದ ಕಂದು ಗಂಡು ಬಂದಿರಬೇಕು, ನೀನು ಮುಚ್ಚಿಟ್ಟು ನನ್ನ ಕುದುರೆ ಹೆಸರು ಹೇಳ್ತಿದೀಯ ಅಂತ…"

"ಕಳ್ಳ! ನಾನು ಹೇಳಿದ್ದು ಸುಳ್ಳಲ್ಲ ಅಂತ ಗೊತ್ತಾದ ಮೇಲಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ಅನುಮಾನಪಟ್ಟಿದ್ದನ್ನೂ ಹೇಳಬೇಕಿತ್ತು. ಎಲ್ಲಿ ನೀನು ಬೇಡ ಅಂದುಬಿಡ್ತೀಯೋ ಅಂತ ಹೆದರಿದೆ."

"ನನ್ನದು ಒಂದು ಬೆಳಗಿನ ಅನುಮಾನ. ನಿನ್ನದು ತಿಂಗಳಿನದು."

"ಹಾಗಾದ್ರೆ ಕ್ಷಮೆ ನಾನೇ ಕೇಳಬೇಕು."

"ಕೇಳು ಮತ್ತೆ."

ಅವನು ಬಾಯಿ ತೆರೆದ. ಕಿವಿಗಳು ಮಾತ್ರ ಕೆಂಪಾದವು. ಅವಳು ತಾಯಿ ಕುದುರೆಯ ಕಾಲೆತ್ತಿ ಅವನ ಅಂಗೈಗೆ ಕೊಟ್ಟಳು. ತನ್ನ ಕೈಯನ್ನೂ ಅಲ್ಲಿಂದ ತೆಗೆಯಲಿಲ್ಲ.

"ಈಗ ಗೊರಸು ಹೆರಿ. ಕ್ಷಮೆ ಬಾಕಿ ಇರಲಿ. ಮದುವೆ ಆದಮೇಲೆ ದಿನಕ್ಕಿಷ್ಟು ಅಂತ ವಸೂಲಿ ಮಾಡ್ತೀನಿ."