ಎರಡೆಳೆ ತಪ್ಪು

ಈರೇಶ ನಕ್ಕ.

ಜಾಯಿಂಟ್ ರೂಮಿನ ಮೂಲೆಯ ಮೇಜಿನಿಂದ ಆ ನಗು ಕೇಳಿದ್ದೇ ಸುಜಾತಾಳ ಬೆರಳಿನಿಂದ ಎಳೆ ಜಾರಿತು. ಹನ್ನೆರಡು ವರ್ಷದಲ್ಲಿ ಅವನು ಹೀಗೆ ಬಾಯ್ತುಂಬ ನಕ್ಕಿದ್ದು ಮೂರೋ ನಾಲ್ಕೋ ಸಲ. ಅಷ್ಟೂ ಸಲ ನಗಿಸಿದವಳು ಅವಳೇ. ಇವತ್ತು ನಗಿಸಿದವಳು ನೂರ್‌ಜಹಾನ್.

ಸುಜಾತಾ ತಲೆ ಎತ್ತಲಿಲ್ಲ. ಎತ್ತದೆಯೇ ಎಲ್ಲ ಕಂಡಳು. ಅವನ ಸ್ಟೂಲು ಆ ಹುಡುಗಿಯ ಸ್ಟೂಲಿಗೆ ಎಷ್ಟು ಹತ್ತಿರವಿದೆ, ಅವಳ ದುಪಟ್ಟಾದ ಅಂಚು ಅವನ ಮೊಣಕೈಗೆ ಎಷ್ಟು ಸಲ ತಾಗಿತು, ತಾಗಿದಾಗ ಅವನು ಕೈ ಸರಿಸಿದನೋ ಇಲ್ಲವೋ.

ಸರಿಸಲಿಲ್ಲ.

ಕೆ.ಆರ್. ಪುರದ ಆ ಕಾರ್ಖಾನೆಯಲ್ಲಿ ನೇಯುತ್ತಿದ್ದದ್ದು ಯಾರೂ ಉಡುವ ಬಟ್ಟೆಯಲ್ಲ. ಕಾಗದದ ಗಿರಣಿಗಳಿಗೆ ಬೇಕಾಗುವ, ಕೂದಲಿನಂಥ ಪ್ಲಾಸ್ಟಿಕ್ ಎಳೆಗಳ ಬಟ್ಟೆ. ಗಿರಣಿಯ ಯಂತ್ರದಲ್ಲಿ ಅದು ಹಗಲೂ ರಾತ್ರಿ ಸುತ್ತುತ್ತಲೇ ಇರುತ್ತದೆ. ನೀರು ನೀರಾದ ತಿರುಳು ಅದರ ಮೇಲೆ ಬೀಳುತ್ತದೆ, ನೀರು ಕೆಳಗೆ ಸೋರಿಹೋಗುತ್ತದೆ, ಮೇಲೆ ಕಾಗದ ಉಳಿಯುತ್ತದೆ. ಹಾಗೆ ಸುತ್ತಬೇಕಾದರೆ ಬಟ್ಟೆಗೆ ತುದಿ ಇರಬಾರದು. ಮಗ್ಗದಿಂದ ಇಳಿದ ಬಟ್ಟೆಯ ಎರಡು ತುದಿಗಳನ್ನು ಎದುರುಬದುರು ಇಟ್ಟು, ಎಳೆ ಎಳೆಯಾಗಿ ಬಿಡಿಸಿ, ಒಂದನ್ನು ಇನ್ನೊಂದರೊಳಗೆ ಮತ್ತೆ ನೇಯ್ದು, ಎಲ್ಲಿ ಸೇರಿತೆಂದು ಬೆರಳಿಗೂ ಗೊತ್ತಾಗದ ಹಾಗೆ ಮಾಡಬೇಕು. ಅದೇ ಜಾಯಿಂಟ್. ಒಂದು ಎಳೆ ದಾರಿ ತಪ್ಪಿದರೂ ಬಟ್ಟೆಯ ಪ್ರತಿ ಸುತ್ತಿಗೊಮ್ಮೆ ಕಾಗದದ ಮೇಲೆ ಗುರುತು ಬೀಳುತ್ತದೆ.

ಯಾದಗಿರಿ ಕಡೆಯಿಂದ ಬಂದ ಸುಜಾತಾಳಿಗೆ ಈ ಕೆಲಸ ಕಲಿಸಿದವನು ಮಾನ್ವಿಯ ಈರೇಶ. ಈಗ ಇನ್ಸ್‌ಪೆಕ್ಷನ್ ಅವನದು. ಅವನ ಸಹಿ ಇಲ್ಲದೆ ಯಾವ ಬಟ್ಟೆಯೂ ಗೇಟು ದಾಟುವುದಿಲ್ಲ. ಮೊದಲ ವರ್ಷ, ಒಂದೇ ಒಂದು ಎಳೆಗಾಗಿ, ಅವಳ ಮೂರು ದಿನದ ಕೆಲಸವನ್ನು ಬಿಚ್ಚಿಸಿದ್ದ. ಅವಳು ಅತ್ತಿದ್ದಳು. ಮರುದಿನ ಅವಳ ಮೇಜಿನ ಮೇಲೆ ಪೊಟ್ಟಣದಲ್ಲಿ ಎರಡು ತುಂಡು ಕರದಂಟು ಇತ್ತು. ಯಾರಿಟ್ಟರೆಂದು ಇಬ್ಬರೂ ಇಂದಿನವರೆಗೆ ಮಾತಾಡಿಲ್ಲ.

ಮಾತಾಡದೆ ಉಳಿದದ್ದು ಇನ್ನೂ ಬಹಳವಿತ್ತು. ಅವಳು ಇಬ್ಬರು ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ಮೂವತ್ತನಾಲ್ಕಾಯಿತು. ಅವನು ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುತ್ತ ನಲವತ್ತೊಂದಕ್ಕೆ ಬಂದ. ಹೋದ ವರ್ಷ ಅವನ ಅಪ್ಪ ತೀರಿಕೊಂಡರು. ಇನ್ನು ಕೇಳಬಹುದು ಎಂದು ಅವಳು ಕಾದಳು. ಯುಗಾದಿ ಹೋಯಿತು, ಪಂಚಮಿ ಹೋಯಿತು. ಅವನು ಕೇಳಲಿಲ್ಲ. ಆಮೇಲೆ ನೂರ್‌ಜಹಾನ್ ಬಂದಳು.

ಇಪ್ಪತ್ತನಾಲ್ಕರ ಹುಡುಗಿ, ಶಿವಾಜಿನಗರದವಳು, ಮೂರು ತಿಂಗಳ ಟ್ರೈನಿಂಗಿನಲ್ಲಿದ್ದಾಳೆ. ರೂಮಿನ ಹೆಂಗಸರೆಲ್ಲ ಅವನನ್ನು “ಈರೇಶಣ್ಣ” ಎನ್ನುತ್ತಿದ್ದರು. ಹಾಗೆ ಕರೆಯದವಳು ಇಷ್ಟು ವರ್ಷ ಸುಜಾತಾ ಒಬ್ಬಳೇ. ಈಗ ಇಬ್ಬರಾದರು. ಹುಡುಗಿ ಅವನನ್ನು “ಸರ್” ಎನ್ನುತ್ತಾಳೆ. ಆ ಸರ್ ಎನ್ನುವುದನ್ನು ಎಷ್ಟು ಉದ್ದ ಎಳೆಯುತ್ತಾಳೆ!

ಊಟದ ಹೊತ್ತಿಗೆ ಅವನು ಎಂದಿನಂತೆ ಸುಜಾತಾಳೆದುರು ಕೂತ. ಅವಳು ರೊಟ್ಟಿಗೆಂದು ದಿನವೂ ತರುವ ಶೇಂಗಾ ಹಿಂಡಿಯ ಡಬ್ಬಿಯನ್ನು ಇವತ್ತು ಅವನತ್ತ ತಳ್ಳಲಿಲ್ಲ.

“ಇವತ್ತ ಭಾಳ ನಗು ಬರ್ಲಿಕತ್ತಿತ್ತಲ್ರಿ?”

“ಏನಿಲ್ರಿ. ಆ ಹುಡುಗಿ ಮಾತೇ ಹಂಗ.”

“ಹೆಂಗ?”

“ಹಂಗ,” ಎಂದು ಅವನು ರೊಟ್ಟಿ ಮುರಿದ. ಡಬ್ಬಿಯ ಕಡೆ ಒಮ್ಮೆ ನೋಡಿದ, ಅವಳ ಕಡೆ ಒಮ್ಮೆ ನೋಡಿದ, ಬರಿ ರೊಟ್ಟಿ ತಿಂದು ಎದ್ದ.

ಪಾಪ ಎನ್ನಿಸಿ ಅವಳು ಡಬ್ಬಿ ಹಿಡಿದುಕೊಂಡೇ ಹಿಂದೆ ಹೋದಳು. ಕೈತೊಳೆಯುವ ನಲ್ಲಿಯ ಹತ್ತಿರ ಅವನೂ ನೂರ್‌ಜಹಾನಳೂ ನಿಂತಿದ್ದರು.

“ಸಂಡೇ ಹನ್ನೊಂದು ಗಂಟೆಗೆ ಬನ್ನಿ ಸರ್. ಗಲ್ಲಿ ಬಾಯಲ್ಲೇ ನಿಂತಿರ್ತೀನಿ. ಯಾರಿಗೂ ಹೇಳಲ್ಲ, ಪ್ರಾಮಿಸ್.”

“ಯಾರಿಗಾದ್ರೂ ಗೊತ್ತಾಗ್ಲಿ ಬಿಡು,” ಈರೇಶನ ದನಿ ತಗ್ಗಿತು. “ಸುಜಾತಾಗ ಮಾತ್ರ ಗೊತ್ತಾಗಬಾರದು.”

ಸುಜಾತಾ ಬಂದ ಹೆಜ್ಜೆಯಲ್ಲೇ ತಿರುಗಿದಳು.

ಭಾನುವಾರ ಬಳೆ ತರಬೇಕೆಂದು ಅವಳಿಗೆ ಇದ್ದಕ್ಕಿದ್ದಂತೆ ನೆನಪಾಯಿತು. ಬಳೆ ಕೆ.ಆರ್. ಪುರದ ಸಂತೆಯಲ್ಲೂ ಸಿಗುತ್ತಿದ್ದವು. ಆದರೂ ಹಸಿರು ಇಳಕಲ್ ಸೀರೆ ಉಟ್ಟು, ಮೆಟ್ರೋ ಹತ್ತಿ, ಎಂ.ಜಿ. ರೋಡಿನಲ್ಲಿ ಇಳಿದು, ಆಟೋ ಹಿಡಿದು ಶಿವಾಜಿನಗರಕ್ಕೆ ಹೋದಳು. ನಾನೇನು ಯಾರ ಬೆನ್ನು ಹತ್ತಿಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ರಸೆಲ್ ಮಾರ್ಕೆಟ್ಟಿನ ಸುತ್ತ ಎರಡು ಸಲ ತಿರುಗಿದಳು. ಒಂದು ಬಳೆಯಂಗಡಿಯನ್ನೂ ಕಣ್ಣೆತ್ತಿ ನೋಡಲಿಲ್ಲ.

ಕಂಡರು. ರಸ್ತೆಯ ಆಚೆ, ಜನರ ನಡುವೆ, ಒಂದು ಗಲ್ಲಿಯ ಬಾಯಲ್ಲಿ. ಈರೇಶನ ಬೆನ್ನು ಇತ್ತ. ಇಸ್ತ್ರಿ ಮಾಡಿದ ನೀಲಿ ಅಂಗಿ. ಅವನೆದುರು ನೂರ್‌ಜಹಾನ್ ತುದಿಗಾಲಲ್ಲಿ ನಿಂತು, ಎರಡೂ ಕೈ ಎತ್ತಿ, ಅವನ ಮುಖವನ್ನು ಎರಡೂ ಕಡೆ ಹಿಡಿದಿದ್ದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಅವನನ್ನು ತಲೆ ಓರೆ ಮಾಡಿ ನೋಡಿ, ಚಪ್ಪಾಳೆ ತಟ್ಟಿ ನಕ್ಕಳು.

ಒಂದು ಬಸ್ಸು ಅಡ್ಡ ಬಂತು. ಅದು ಸರಿಯುವ ತನಕ ಸುಜಾತಾ ನಿಲ್ಲಲಿಲ್ಲ. ಮನೆಗೆ ಬಂದು, ಬಾಡಿಗೆ ಕೋಣೆಯ ಬಾಗಿಲು ಹಾಕಿ, ಸೀರೆ ಮಡಚಿ ಇಟ್ಟಳು. ಹನ್ನೆರಡು ವರ್ಷ ಅವನ ಎದುರು ಕೂತಿದ್ದೆ, ಆ ಮುಖ ಹೇಗಿದೆ ಎಂದು ಕೈಯಿಂದ ಒಮ್ಮೆಯೂ ಮುಟ್ಟಿ ನೋಡಲಿಲ್ಲ ಎಂದುಕೊಂಡು ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಸೋಮವಾರ ಬೆಳಿಗ್ಗೆ ನೂರ್‌ಜಹಾನಳ ಮೊದಲ ಸ್ವಂತ ಜಾಯಿಂಟ್ ಮುಗಿದಿತ್ತು. ಮೇಜಿನ ಪಕ್ಕ ಹಾದುಹೋಗುವಾಗ ಸುಜಾತಾಳ ಕಣ್ಣು ತಾನಾಗಿಯೇ ಅದರ ಮೇಲೆ ಹರಿಯಿತು, ತಾನಾಗಿಯೇ ನಿಂತಿತು. ಬಲ ಅಂಚಿನಿಂದ ಒಂದು ಗೇಣು ಒಳಗೆ, ಎರಡು ಎಳೆ ಅದಲುಬದಲಾಗಿದ್ದವು.

ಹೇಳಬೇಕು ಎಂದು ಬಾಯಿ ತೆರೆದಳು. ನೂರ್‌ಜಹಾನ್ ಕನ್ನಡಿಯೊಂದರಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಸುಜಾತಾ ಬಾಯಿ ಮುಚ್ಚಿದಳು. ಅವನೇ ಹಿಡಿಯಲಿ. ನನಗೆ ಬಿಚ್ಚಿಸಿದ ಹಾಗೆ ಇವಳಿಗೂ ಬಿಚ್ಚಿಸಲಿ. ಇವಳೂ ಅಳಲಿ. ಆಗ ಗೊತ್ತಾಗುತ್ತದೆ ಯಾರು ಅವನಿಗೆ ಎಷ್ಟು ಎಂದು.

ಈರೇಶ ಮಧ್ಯಾಹ್ನ ಬಂದ. ದೀಪದ ಮೇಜಿನ ಮೇಲೆ ಬಟ್ಟೆ ಎಳೆದು ಭೂತಗನ್ನಡಿ ಹಿಡಿದು ಈ ಅಂಚಿನಿಂದ ಆ ಅಂಚಿಗೆ ನಡೆದ. ಬಲ ಅಂಚಿನ ಹತ್ತಿರ ಬಂದಾಗ ಸುಜಾತಾ ಉಸಿರು ಹಿಡಿದಳು. ಅವನು ಅಲ್ಲಿ ನಿಲ್ಲಲೇ ಇಲ್ಲ. ಪೆನ್ನು ತೆಗೆದು ಸಹಿ ಹಾಕಿದ.

ನನಗೆ ಒಂದು ಎಳೆಗೆ ಮೂರು ದಿನ. ಇವಳಿಗೆ ಎರಡೆಳೆ ಮಾಫಿ.

ಬಟ್ಟೆ ಪ್ಯಾಕಿಂಗಿಗೆ ಹೋಯಿತು. ಐದು ಗಂಟೆಗೆ ಲಾರಿ. ಗಿರಣಿಯವರು ಯಂತ್ರ ನಿಲ್ಲಿಸಿ ಇದನ್ನು ಏರಿಸುತ್ತಾರೆ. ಗುರುತು ಬಿದ್ದರೆ ಮತ್ತೆ ಯಂತ್ರ ನಿಲ್ಲಿಸಿ ಬಿಚ್ಚಿ ವಾಪಸ್ ಕಳಿಸುತ್ತಾರೆ. ಆಗ ಟ್ರೈನಿಂಗಿನ ಹುಡುಗಿ ಸೀದಾ ಮನೆಗೆ, ಸಹಿ ಹಾಕಿದವನೂ ಅವಳ ಹಿಂದೆ. ಹೋಗಲಿ, ಇಬ್ಬರೂ ಕೂಡಿಯೇ ಹೋಗಲಿ ಎಂದುಕೊಂಡು ಸುಜಾತಾ ತನ್ನ ಮೇಜಿನ ಮೇಲೆ ಬಾಗಿದಳು. ಅರ್ಧ ಗಂಟೆಯಲ್ಲಿ ಒಂದು ಎಳೆಯನ್ನೂ ಸರಿಯಾಗಿ ನೇಯಲಾಗಲಿಲ್ಲ.

“ಅಕ್ಕಾ!” ನೂರ್‌ಜಹಾನ್ ಒಂದು ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಳು. “ನಂದು ಪಾಸ್ ಆಯ್ತು! ಪಾಸ್ ಆಗೇ ಆಗತ್ತೆ ಅಂತ ಅಮ್ಮಿ ಬೆಳಗ್ಗೇನೇ ಗಾಜರ್ ಹಲ್ವಾ ಮಾಡಿ ಕಳ್ಸಿದಾರೆ. ಮೊದಲು ನಿಮಗೇ.”

“ನನಗ್ಯಾಕ ಮೊದಲು?”

“ಮತ್ತಿನ್ಯಾರಿಗೆ? ಸರ್ ದಿನಾ ತಲೆ ತಿಂತಾರಲ್ಲ. ಸುಜಾತಾ ಕೈ ನೋಡು, ಸುಜಾತಾ ಎಳೆ ಹಿಡಿಯೋದ್ ನೋಡು, ಸುಜಾತಾ ಥರ ಕೂತ್ಕೋ. ಕೂತ್ಕೊಳ್ಳೋದೂ ನಿಮ್ ಥರಾನೇ ಆಗ್ಬೇಕಂತೆ! ಮೊನ್ನೆ ನಾನಂದೆ, ಸರ್, ಉಸಿರಾಡೋದಾದ್ರೂ ನನ್ ಥರ ಆಡ್ಲಾ ಅಂತ. ಎಷ್ಟ್ ನಕ್ರು ಗೊತ್ತಾ?”

ಹಲ್ವಾಕ್ಕೆ ಚಾಚಿದ ಕೈಯನ್ನು ಸುಜಾತಾ ಹಿಂದೆಳೆದಳು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು. ಅವಳು ಎದ್ದು ಹೆಚ್ಚುಕಡಿಮೆ ಓಡಿದಳು.

ಪ್ಯಾಕಿಂಗಿನವರು ಬಟ್ಟೆಯನ್ನು ಕೊಳವೆಗೆ ಸುತ್ತಲು ಶುರುಮಾಡಿದ್ದರು. ಈರೇಶ ಪಕ್ಕದಲ್ಲಿ ನಿಂತಿದ್ದ.

“ನಿಲ್ಲಸ್ರಿ. ಅದರಾಗ ಎರಡ ಎಳಿ ತಪ್ಪ್ಯಾವ.”

ಅವನ ಮುಖದ ಬಣ್ಣ ಇಳಿಯಿತು. “ಎಲ್ಲಿ?”

ಬಟ್ಟೆ ಬಿಚ್ಚಿ ಮತ್ತೆ ದೀಪದ ಮೇಲೆ ಹರಡಿದರು. ಅವಳು ಬೆರಳಿಟ್ಟಳು. ಅವನು ಭೂತಗನ್ನಡಿ ಹಿಡಿದು ಬಗ್ಗಿದ. ಕನ್ನಡಿಯನ್ನು ಹತ್ತಿರ ತಂದ, ದೂರ ಒಯ್ದ. ತಲೆ ಹಿಂದೆ ಸರಿಸಿದ, ಕಣ್ಣು ಕಿರಿದು ಮಾಡಿದ. ಸುಜಾತಾ ಅವನನ್ನೇ ನೋಡುತ್ತಿದ್ದಳು.

“ನಿಮಗ ಕಾಣಸ್ತಿಲ್ಲ,” ಎಂದಳು ಮೆಲ್ಲಗೆ.

ಅವನು ಭೂತಗನ್ನಡಿ ಕೆಳಗಿಟ್ಟ. ಪ್ಯಾಕಿಂಗಿನವರನ್ನು ಚಹಾಕ್ಕೆ ಕಳಿಸಿದ. ಆಮೇಲೆ ಪ್ಯಾಂಟಿನ ಜೇಬಿನಿಂದ ಒಂದು ಹೊಸ ಪೆಟ್ಟಿಗೆ ತೆಗೆದು, ಅದರಿಂದ ಕನ್ನಡಕ ತೆಗೆದು, ಅವಳಿಗೆ ಅರ್ಧ ಬೆನ್ನು ಮಾಡಿ ಹಾಕಿಕೊಂಡು ಬಗ್ಗಿದ. ಬಗ್ಗಿದವನು ಎಷ್ಟೋ ಹೊತ್ತು ಏಳಲಿಲ್ಲ.

“ಹೌದು. ಎರಡ ಎಳಿ.” ಎದ್ದಾಗ ಅವನ ಕಣ್ಣುಗಳು ಆ ಗಾಜಿನ ಹಿಂದೆ ದೊಡ್ಡವಾಗಿ, ಹೆದರಿದ ಹಾಗೆ ಕಾಣುತ್ತಿದ್ದವು. “ಚಾಳೀಸು ಬಂದದ, ಹತ್ತಿರದ್ದು ಕಾಣಂಗಿಲ್ಲ. ಆರು ತಿಂಗಳಾತು. ನೂರ್‌ಜಹಾನ್ ಅಣ್ಣಂದು ಶಿವಾಜಿನಗರದಾಗ ಕನ್ನಡಕದ ಅಂಗಡಿ ಅದ. ನಿನ್ನೆ ಹೋಗಿ ತಗೊಂಡೆ. ಆ ಹುಡುಗಿನೇ ಕಿವಿಗೆ ಸರಿ ಕೂಡಿಸಿ ಕೊಟ್ಟಳು.”

“ತಗೊಂಡು ಜೇಬಿನಾಗ ಇಟ್ಟೀರಿ?”

“ನೀ ಎದುರಿಗೇ ಇದ್ದೆಲ್ಲ.”

ಹನ್ನೆರಡು ವರ್ಷದಲ್ಲಿ ಅವನು ಅವಳನ್ನು ನೀವು ಎಂದೇ ಕರೆದಿದ್ದ. ತಾನು ನೀನು ಅಂದದ್ದು ಅವನಿಗೇ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು.

“ನಾ ಎದುರಿಗಿದ್ರ ಏನಾತು?”

“ಹೋದ ವರ್ಷದಿಂದ ಒಂದ ಮಾತು ಕೇಳಬೇಕು ಕೇಳಬೇಕು ಅಂತಿದ್ದೆ. ಅಷ್ಟರಾಗ ಇದು ಬಂತು. ಚಾಳೀಸು ಹಾಕ್ಕೊಂಡು ಹೋಗಿ ಒಂದು ಹೆಣ್ಣಿನ್ನ ಹೆಂಗ ಕೇಳೋದು? ಮುದುಕ ಅಂತ ನಕ್ಕೀಯ ಅಂತ...” ಅವನು ನಿಲ್ಲಿಸಿದ. “ನೀ ಯಾವಾಗ ನೋಡಿದಿ ಈ ತಪ್ಪು?”

ಸುಳ್ಳು ಹೇಳಬಹುದಿತ್ತು. ಈಗಷ್ಟೇ ಎಂದರೆ ಅವನು ನಂಬುತ್ತಿದ್ದ.

“ಮುಂಜಾನೆ.”

“ಮುಂಜಾನೆ?”

“ಬೇಕಂತಲೇ ಸುಮ್ಮನಿದ್ದೆ. ನಿನ್ನೆ ನಾನೂ ಶಿವಾಜಿನಗರಕ್ಕ ಬಂದಿದ್ದೆ. ಅಕಿ ನಿಮ್ಮ ಮುಖ ಹಿಡ್ಕೊಂಡಿದ್ದು ನೋಡಿದೆ. ಹೊಟ್ಟಿಕಿಚ್ಚು ತಡಿಲಿಲ್ಲ. ಅಕಿ ಕೆಲಸ ಹೋಗ್ಲಿ ಅಂದ್ಕೊಂಡೆ. ನಿಮ್ಮದೂ ಹೋಗ್ಲಿ ಅಂದ್ಕೊಂಡೆ.” ಅವಳ ಕಣ್ಣು ತುಂಬಿ ಬಂದವು. “ನಾ ಅಂಥಾಕಿ. ನೋಡ್ರಿ, ಈಗರೆ ಸರಿಯಾಗಿ ನೋಡ್ರಿ.”

ಅವನು ನೋಡಿದ. ಕನ್ನಡಕದೊಳಗಿಂದ, ಬಹಳ ಹೊತ್ತು. ಬಯ್ಯುತ್ತಾನೆ ಎಂದು ಅವಳು ಕಾದಳು.

“ನಾನೂ ನಾಚಿಕಿಗೆ ಬಿದ್ದು ಕಾಣದ ಕೆಲಸಕ್ಕ ಸಹಿ ಹಾಕೀನಿ,” ಎಂದ ಕೊನೆಗೆ. “ನಡಿ. ಮೊದಲು ಲಾರಿ ನಿಲ್ಲಿಸೋಣ.”

ಮ್ಯಾನೇಜರ್ ಲಕ್ಷ್ಮಿಕಾಂತರ ಎದುರು ಅವನು ತನ್ನ ತಪ್ಪು ಹೇಳಿದ. ಅವಳು ತನ್ನದು ಹೇಳಿದಳು, ಕಾರಣ ಮಾತ್ರ ಹೇಳಲಿಲ್ಲ. ಲಕ್ಷ್ಮಿಕಾಂತ ಇಬ್ಬರನ್ನೂ ನಿಲ್ಲಿಸಿ ಬೈದರು. ಗಿರಣಿಗೆ ಫೋನ್ ಮಾಡಿ ಎರಡು ದಿನ ಕೇಳಿಕೊಂಡರು. ಇಬ್ಬರಿಗೂ ಮೆಮೊ ಕೊಟ್ಟರು. ಈರೇಶ ಕಣ್ಣಿನ ಡಾಕ್ಟರ ಸರ್ಟಿಫಿಕೇಟ್ ತರುವವರೆಗೆ ಇನ್ಸ್‌ಪೆಕ್ಷನ್ ಮೇಜು ಮುಟ್ಟುವಂತಿಲ್ಲ ಎಂದೂ ಆಯಿತು.

ನೂರ್‌ಜಹಾನಳಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಹುಡುಗಿ ಕೇಳುತ್ತ ಕೇಳುತ್ತ ಹಲ್ವಾದ ಡಬ್ಬಿಯ ಮುಚ್ಚಳ ಹಾಕಿದಳು.

“ನಂಗೆ ಬೆಳಗ್ಗೇನೇ ಎರಡು ಬೈದಿದ್ರೆ ಸಾಕಿತ್ತು ಅಕ್ಕಾ,” ಎಂದಳು. ಅವತ್ತು ಮತ್ತೆ ಮಾತಾಡಲಿಲ್ಲ. ಮರುದಿನ ಇಬ್ಬರೂ ಒಂದೇ ಮೇಜಿಗೆ ಕೂತು ಆ ಜಾಯಿಂಟ್ ಬಿಚ್ಚಿದರು, ಮತ್ತೆ ನೇಯ್ದರು. ಎರಡನೇ ದಿನ ಸಂಜೆಯ ಹೊತ್ತಿಗೆ ನೂರ್‌ಜಹಾನ್ ತಲೆ ಎತ್ತದೆ ಕೇಳಿದಳು: “ಅಕ್ಕಾ, ನಿಜ ಹೇಳಿ. ಆ ಮುಖದಲ್ಲಿ ಹೊಟ್ಟೆ ಉರ್ಕೊಳ್ಳೋಕೆ ಏನಿದೆ?”

ಸುಜಾತಾ ನಕ್ಕುಬಿಟ್ಟಳು. ಹುಡುಗಿಯೂ ನಕ್ಕಳು. ಆದರೂ ಆ ಮುಖವನ್ನು ಹೀಗೆ ಹೀಯಾಳಿಸುವ ಸಲಿಗೆ ಇವಳಿಗೆ ಯಾರು ಕೊಟ್ಟರು ಎಂದು ಅವಳ ಮನಸ್ಸಿನ ಒಂದು ಮೂಲೆ ಚುರ್ರೆಂದದ್ದು ನಿಜ.

ಮುಂದಿನ ಭಾನುವಾರ ಈರೇಶನೂ ಸುಜಾತಾಳೂ ಹಲಸೂರು ಕೆರೆಯ ಕಲ್ಲುಬೆಂಚಿನ ಮೇಲೆ ಕೂತಿದ್ದರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಎದುರಿಗೆ ನೀರಿನ ಮೇಲೆ ಎಳೆಬಿಸಿಲು ಹರಡಿತ್ತು. ಅವನು ನಾಲ್ಕು ಸಲ ಗಂಟಲು ಸರಿಮಾಡಿಕೊಂಡ. ಐದನೇ ಸಲಕ್ಕೆ ಅವಳಿಗೆ ಸಾಕಾಯಿತು. ಫೋನ್ ತೆಗೆದು ಊರಿಗೆ ಹಚ್ಚಿದಳು.

“ಅವ್ವಾ, ಇಲ್ಲೊಬ್ಬರು ನಿನ್ನ ಜೊತಿ ಮಾತಾಡ್ತಾರಂತ. ಕೇಳು.” ಫೋನನ್ನು ಅವನ ಕೈಗೆ ಕೊಟ್ಟಳು.

ಈರೇಶ ಗಾಬರಿಯಿಂದ ಎದ್ದು ನಿಂತ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

“ಹಲೋ! ಯಾರ್ರೀ ಅದು?” ಅವ್ವ ಭೀಮಬಾಯಿಯ ದನಿ ಬೆಂಚಿನವರೆಗೂ ಕೇಳುತ್ತಿತ್ತು. ಅವನು ದಿಕ್ಕು ತೋಚದೆ ಸುಜಾತಾಳನ್ನು ನೋಡಿದ.

“ನೀವೇ ಹೇಳ್ರಿ,” ಎಂದಳು ಅವಳು, ನೀರಿನ ಕಡೆ ಮುಖ ತಿರುಗಿಸಿ. ಬರುತ್ತಿದ್ದ ನಗುವನ್ನು ಸೆರಗಿನಿಂದ ಮುಚ್ಚಿಕೊಂಡಳು.

“ಶರಣ್ರಿ ಅವ್ವಾರ,” ಎಂದ ಈರೇಶ. “ನಾ ಈರೇಶ್ರಿ, ಮಾನ್ವಿಯಾಂವ. ಸುಜಾತಾನ್ನ ನನಗ ಕೊಡ್ತೀರೇನು ಅಂತ ಕೇಳ್ಲಿಕ್ಕ ಫೋನ್ ಮಾಡೀನ್ರಿ.”

ಆ ಕಡೆ ಯಾವುದೋ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಭೀಮಬಾಯಿ ಕೇಳಿದಳು:

“ಹನ್ನೆರಡು ವರ್ಷದಿಂದ ಅಕಿ ಬಾಯಾಗ ನಿನ್ನ ಹೆಸರ ಕೇಳ್ಲಿಕತ್ತೀನಿ, ಇಲ್ಲಿತನ ಎಲ್ಲಿ ಹೋಗಿದ್ದೆಪಾ ನೀ?”